ವಿಠೋಬಾ ಇಟ್ಟ ಆರು ಪರಸಿ

ಭಂಕೂರಿನ ವಿಠೋಬಾ ಖಾಲಿ ಗಾಡಿಯನ್ನು ಎಂದೂ ನಂಬಿದವನಲ್ಲ. ಹತ್ತು ಟನ್ ಕಲ್ಲು ಹೇರಿ ಚಿಂಚೋಳಿಯ ಕಾಡುದಾರಿಯಲ್ಲಿ ಇಳಿಯೆಂದರೆ ಎಲೆಅಡಿಕೆ ಮೆಲ್ಲುತ್ತ ಇಳಿದಾನು. ಅದೇ ಲಾರಿ ಖಾಲಿ ನಿಂತಿದ್ದರೆ ಮಾತ್ರ ಎರಡು ಸುತ್ತು ಹೊಡೆದು, ಗಾಲಿಗಳನ್ನು ಒದ್ದು ನೋಡಿ, ಗೊಣಗಿಕೊಂಡೇ ಹತ್ತುವನು. ಅದಕ್ಕೆ ಕಾರಣವೂ ಇತ್ತು. ಲಾರಿಯ ಇಂಜಿನ್ ಇರುವುದು ಮುಂದೆ, ಗಾಡಿಯನ್ನು ನೂಕುವುದು ಹಿಂದಿನ ಗಾಲಿ. ಮಾಲು ಇಳಿಸಿದೊಡನೆ ಆ ಹಿಂದಿನ ಗಾಲಿಗಳ ಮೇಲೆ ಭಾರ ಉಳಿಯುವುದಿಲ್ಲ, ಭಾರವಿಲ್ಲದ ಗಾಲಿಗೆ ನೆಲದ ಹಿಡಿತ ಇರುವುದಿಲ್ಲ. ಎರೆಮಣ್ಣಿನ ಕೆಸರು ಮೆತ್ತಿದ ಡಾಂಬರಿನ ಮೇಲೆ ಅಂಥ ಲಾರಿ ಕುಣಿಯಲು ಶುರುಮಾಡಿದರೆ ಮುಗಿಯಿತು. ಅದಕ್ಕೇ ಅವನ ಕಾಲದ ಡ್ರೈವರುಗಳು ವಾಪಸು ಬರುವಾಗ ಒಂದು ಸಾಲು ಪರಸಿಯನ್ನು ಇಳಿಸದೆ ಹಿಂದಿನ ಗಾಲಿಯ ಮೇಲೇ ಉಳಿಸಿಕೊಳ್ಳುತ್ತಿದ್ದರು. ಪರಸಿ ಎಂದರೆ ಮನೆಯ ನೆಲಕ್ಕೆ ಹಾಸುವ ನಮ್ಮ ಶಹಾಬಾದದ ಚಪ್ಪಟೆ ಕಲ್ಲು. ಊರೆಲ್ಲ ಅದರ ಮೇಲೆ ನಡೆದಾಡುತ್ತದೆ, ಡ್ರೈವರುಗಳು ಅದನ್ನು ಬೆನ್ನಿಗಿಟ್ಟುಕೊಂಡು ಬದುಕುತ್ತಿದ್ದರು.

ಮೂವತ್ತೈದು ವರ್ಷ ವಿಠೋಬಾ ಹೀಗೇ ಓಡಿಸಿದ. ವಾಡಿ, ಚಿತ್ತಾಪುರ, ಸೇಡಂ, ಕಾಳಗಿ, ಯಾವ ರಸ್ತೆಯ ಯಾವ ತಿರುವಿನಲ್ಲಿ ಎಷ್ಟು ಜಾರಿಕೆ ಇದೆ ಎಂಬುದು ಅವನಿಗೆ ಬಾಯಿಪಾಠ. ಎಲ್ಲರೂ ಉಸ್ತಾದ ಎಂದು ಕರೆಯುತ್ತಿದ್ದರು. ಅವನೂ ಅದನ್ನು ಬೇಡ ಎನ್ನಲಿಲ್ಲ. ತಪ್ಪು ಎಂಬ ಶಬ್ದವನ್ನು ಬೇರೆಯವರ ಸಲುವಾಗಿ ಮಾತ್ರ ಇಟ್ಟುಕೊಂಡಿದ್ದ ಮನುಷ್ಯ.

ಇಷ್ಟು ವರ್ಷದಲ್ಲಿ ಅವನ ಗಾಡಿ ಪಲ್ಟಿಯಾದದ್ದು ಒಂದೇ ಸಲ. ಇಪ್ಪತ್ತೊಂಬತ್ತು ವರ್ಷದ ಹಿಂದೆ, ಮಳೆಗಾಲದಲ್ಲಿ, ತೆಂಗಳಿಯ ಹತ್ತಿರ. ಪಕ್ಕದ ಸೀಟಿನಲ್ಲಿ ಹೆಂಡತಿ ಹಣಮವ್ವ ಇದ್ದಳು, ಅವಳಿಗೆ ಆಗ ಆರು ತಿಂಗಳು. ಎಮ್ಮೆ ಅಡ್ಡ ಬಂತು ಎಂದು ವಿಠೋಬಾ ಎಲ್ಲರಿಗೂ ಹೇಳಿದ. ಎಮ್ಮೆಯೂ ಇರಲಿಲ್ಲ, ಅದರ ಕರುವೂ ಇರಲಿಲ್ಲ. ಅಂದು ಮನೆ ಕಟ್ಟುವವರಿಗೆ ಕಲ್ಲು ಕಡಿಮೆ ಬಿತ್ತೆಂದು ಇವನು ಆ ಕೊನೆಯ ಸಾಲನ್ನೂ ಇಳಿಸಿಕೊಟ್ಟು, ಪೂರ್ತಿ ಖಾಲಿ ಗಾಡಿಯನ್ನು ಜೋರಾಗಿ ಹೊಡೆದುಕೊಂಡು ಬಂದಿದ್ದ. ಹಣಮವ್ವನ ಕೈ ಮುರಿಯಿತು. ಹೊಟ್ಟೆಯಲ್ಲಿದ್ದ ಕೂಸು ಉಳಿಯಿತು. ಎಮ್ಮೆಯ ಗುಟ್ಟು ಗಂಡ ಹೆಂಡತಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಆ ಉಳಿದ ಕೂಸೇ ಕರುಣಾ. ಡಿಪ್ಲೊಮಾ ಓದಿ, ವಾಡಿಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಕೆಲಸ. ಹಟದಲ್ಲಿ ಅಪ್ಪನನ್ನೇ ಹೊತ್ತುಕೊಂಡು ಬಂದವಳು. ಚಿತ್ತಾಪುರದ ಹತ್ತಿರ ಮರಕ್ಕೆ ಗುದ್ದಿ ಮುದ್ದೆಯಾಗಿದ್ದ ಒಂದು ಸಣ್ಣ ಕಾರನ್ನು ಮೂರು ವರ್ಷದ ಹಿಂದೆ ಮನೆಯ ಹಿಂದಿನ ಶೆಡ್ಡಿಗೆ ಎಳೆಸಿಕೊಂಡು ಬಂದಳು. ವೆಲ್ಡಿಂಗ್ ಮಾಡುವ ಜಹಾಂಗೀರ ವಿಠೋಬಾನ ಜೊತೆಗೇ ಲಾರಿ ಓಡಿಸಿದ ಹಳೆಯ ಗೆಳೆಯ. ಅವನ ಕೈಯಿಂದ ಕಬ್ಬಿಣದ ಪೈಪುಗಳ ಹಗುರವಾದ ಚೌಕಟ್ಟು ಕಟ್ಟಿಸಿದಳು. ಆ ಕಾರಿನಲ್ಲಿ ಇಂಜಿನ್, ಗೇರ್‌ಬಾಕ್ಸ್ ಎರಡೂ ಒಂದೇ ಮುದ್ದೆಯಾಗಿ ಮುಂದಿದ್ದು, ಮುಂದಿನ ಗಾಲಿಗಳನ್ನೇ ತಿರುಗಿಸುತ್ತಿದ್ದವು. ಇವಳು ಅದನ್ನು ಇಡಿಯಾಗಿ ಎತ್ತಿ ಎರಡು ಸೀಟುಗಳ ಬೆನ್ನ ಹಿಂದೆ, ಹಿಂದಿನ ಗಾಲಿಗಳಿಗೆ ತುಸು ಮುಂದೆ ಕೂಡಿಸಿದಳು.

"ಇದ್ದಲ್ಲೇ ಇದ್ರ ಏನಾಗ್ತಿತ್ತು?" ಎಂದು ವಿಠೋಬಾ ಕೇಳಿದ.

"ಮುಂದಿನ ಗಾಲಿಗಿ ಎರಡು ಕೆಲಸ ಬೀಳ್ತಿತ್ತಪ್ಪಾ. ಎಳೀಬೇಕು, ತಿರುಗ್ಲೂ ಬೇಕು. ಅವ್ವಗ ಒಂದ್ ಕೈಯಿಂದ ರೊಟ್ಟಿ ಬಡಿ, ಅದೇ ಕೈಯಿಂದ ತೊಟ್ಟಿಲಾ ತೂಗು ಅಂದ್ರ ಹ್ಯಾಂಗ? ಜೋರ್ ಹೋಗಿ ತಿರುವಿನ್ಯಾಗ ಸ್ಟೇರಿಂಗ್ ತಿರುಗಿಸಿದ್ರ ಗಾಡಿ ನೆಟ್ಟಗೇ ಹೋಗ್ತದ. ಈಗ ಮುಂದಿನವು ತಿರುಗ್ತಾವ, ಹಿಂದಿನವು ನೂಕ್ತಾವ. ಭಾರ ಎಲ್ಲಾ ನಡುವ ಅದ. ಭಾರ ನಡುವ ಇದ್ರ ಗಾಡಿ ಲಗು ತಿರುಗ್ತದ."

ಕಲ್ಲು ತೂಗುವ ಕಾಟಾದ ಮೇಲೆ ಕಾರನ್ನು ನಿಲ್ಲಿಸಿದ ದಿನ ವಿಠೋಬಾನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಇಡೀ ಗಾಡಿ ಐದುನೂರ ಎಂಬತ್ತು ಕಿಲೋ. ಮುಂದಿನ ಗಾಲಿಗಳನ್ನಷ್ಟೇ ಕಾಟಾದ ಮೇಲೆ ಹತ್ತಿಸಿ ನೋಡಿದರೆ ಇನ್ನೂರ ಐವತ್ತು, ಉಳಿದ ಮುನ್ನೂರ ಮೂವತ್ತು ಹಿಂದೆ. ಕರುಣಾ ಸಂತೋಷದಿಂದ ಕೈ ತಟ್ಟಿದಳು.

"ಇದು ಗಾಡಿ ಅಲ್ಲವ್ವಾ, ಹಂದರ ಅದ. ಗಾಳಿ ಬಂದ್ರ ಹಾರಿ ಹೋಗ್ತದ," ಎಂದ ವಿಠೋಬಾ.

"ಹಗುರ ಇದ್ರೇ ಛಲೋ. ಲಗು ನಿಂದರ್ತದ, ಲಗು ತಿರುಗ್ತದ. ನೆಲದ ಮ್ಯಾಗ ಒಂದ್ ಹಳ್ಳ ಬಿದ್ರೂ ಅಂಗೈಗಿ ಗೊತ್ತಾಗ್ತದ."

ವಿಠೋಬಾ ತಲೆ ಆಡಿಸಿದ. ಅವಳು ಶೆಡ್ಡಿನ ಮುಂದಿನ ಬಯಲಿನಲ್ಲಿ ಅದನ್ನು ಓಡಿಸಿ ನೋಡುವಾಗ, ಕೈ ತುಸು ಹೊರಳಿಸಿದರೆ ಸಾಕು, ಗಾಡಿ ಗಕ್ಕನೆ ತಿರುಗುವುದನ್ನು ಕಂಡು ಅವನ ಎದೆ ಧಸಕ್ಕೆನ್ನುತ್ತಿತ್ತು. ಬಾಯಿಬಿಟ್ಟು ಅದನ್ನು ಹೇಳಲಿಲ್ಲ. ಉಸ್ತಾದ ಅಂಜುತ್ತಾನೆಂದು ಯಾರಾದರೂ ಕೇಳಿದ್ದುಂಟೇ?

ಇಷ್ಟೆಲ್ಲ ಖಟಿಪಿಟಿ ಒಂದೇ ಒಂದು ಸೀಟಿಗಾಗಿ. ಕಲಬುರಗಿಯ ಮೋಟಾರು ಕ್ಲಬ್ಬಿನವರು ಪ್ರತಿ ಡಿಸೆಂಬರಿನಲ್ಲಿ ಭಂಕೂರಿನ ಹತ್ತಿರದ ಹಳೆಯ ಕಲ್ಲುಗಣಿಯ ತಳದಲ್ಲಿ ಸ್ಪರ್ಧೆ ನಡೆಸುತ್ತಿದ್ದರು. ಕಲ್ಲು ತೆಗೆದು ಬಿಟ್ಟ ಗಣಿಯ ತಳ ಅಂಗಳದ ಹಾಗೆ ಸಪಾಟಾಗಿರುತ್ತದೆ. ಟೈರುಗಳನ್ನಿಟ್ಟು ಅಂಕುಡೊಂಕಾದ ದಾರಿ ಮಾಡುತ್ತಾರೆ. ಒಬ್ಬೊಬ್ಬರೇ ಓಡಿಸಬೇಕು, ಎರಡು ಸುತ್ತು ಅವಕಾಶ, ಅದರಲ್ಲಿ ಒಳ್ಳೆಯ ಸಮಯ ಯಾವುದೋ ಅದು ಲೆಕ್ಕಕ್ಕೆ. ಮೂವತ್ತು ತುಂಬದವರಲ್ಲಿ ಎಲ್ಲರಿಗಿಂತ ವೇಗವಾಗಿ ಮುಗಿಸಿದವರು ಮುಂದಿನ ಇಡೀ ವರ್ಷ ಕ್ಲಬ್ಬಿನ ಪರವಾಗಿ ದೊಡ್ಡ ಸ್ಪರ್ಧೆಗಳಲ್ಲಿ ಓಡಿಸಬಹುದು. ಕರುಣಾಳಿಗೆ ಇಪ್ಪತ್ತೊಂಬತ್ತು. ಈ ಸಲ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇನ್ನು ಇಲ್ಲ.

ಸ್ಪರ್ಧೆಯ ಹಿಂದಿನ ಸಂಜೆ ಕ್ಲಬ್ಬಿನ ಮುಖ್ಯಸ್ಥೆ ತಸ್ಲೀಮ್ ಬಂದು ಕಾರುಗಳನ್ನೆಲ್ಲ ತಪಾಸಣೆ ಮಾಡಿ, ತೂಕ ಬರೆದುಕೊಂಡು, ಇನ್ನು ಯಾರೂ ಏನೂ ಬದಲಿಸಕೂಡದೆಂದು ಹೇಳಿ ಹೋದಳು. ಬೆಳಗಾಯಿತು. ಕರುಣಾ ಸ್ನಾನಕ್ಕೆ ಹೋದಳು. ವಿಠೋಬಾ ಶೆಡ್ಡಿಗೆ ಹೋಗಿ ಆ ಹಂದರವನ್ನು ನೋಡುತ್ತ ನಿಂತ. ಗಣಿಯ ತಳದ ಮೇಲೆ ಕಲ್ಲಿನ ಪುಡಿ ಇರುತ್ತದೆ, ರಾತ್ರಿ ಇಬ್ಬನಿ ಬಿದ್ದಿದೆ, ಗಾಡಿ ಖಾಲಿ. ಅವನ ಕೈಗಳು ಅವನನ್ನು ಕೇಳಲೇ ಇಲ್ಲ. ಗೋಡೆಗೆ ಆನಿಸಿದ್ದ ಒಂದಡಿಯ ಪರಸಿಗಳಲ್ಲಿ ಆರನ್ನು ಎತ್ತಿಕೊಂಡ. ಕಾರಿನ ಹಿಂಬದಿ, ಸೈಲೆನ್ಸರಿನ ಮೇಲೆ, ಸಾಮಾನು ಇಡಲೆಂದು ಜಹಾಂಗೀರ ಮಾಡಿದ್ದ ಒಂದು ಜಾಳಿಗೆಯ ಪೆಟ್ಟಿಗೆ ಇತ್ತು. ಅದರಲ್ಲಿ ಗೋಣಿತಟ್ಟು ಹಾಸಿ, ಪರಸಿಗಳನ್ನು ಜೋಡಿಸಿ, ಮೇಲೆ ಇನ್ನೊಂದು ತಟ್ಟು ಹೊದಿಸಿ, ಲಾರಿ ಟ್ಯೂಬಿನ ರಬ್ಬರಿನಿಂದ ಬಿಗಿದ. ಮೂವತ್ತೈದು ಕಿಲೋ ಆದೀತು. ಮನಸ್ಸಿಗೆ ಸಮಾಧಾನವಾಗಿ ಚಹಾ ಕುಡಿಯಲು ಒಳಗೆ ಹೋದ.

ಗಣಿಯ ದಂಡೆಯ ಮೇಲೆ ಜನ ಸಾಲುಗಟ್ಟಿದ್ದರು. ಸುತ್ತ ತೊಗರಿ ಹಳದಿ ಹೂ ಬಿಟ್ಟಿತ್ತು. ಹಣಮವ್ವ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ಕುಳಿತಿದ್ದಳು. ಮೊದಲು ಓಡಿಸಿದವರಲ್ಲಿ ಸೇಡಂನ ಮಹೇಶಕುಮಾರ ಎಲ್ಲರಿಗಿಂತ ಮುಂದಿದ್ದ. ತೊಗರಿಬೇಳೆ ಮಿಲ್ಲಿನವರ ಮಗ. ಅವನ ಕಾರಿನ ಇಂಜಿನ್ನಿಗೆ ಕರುಣಾಳ ಇಂಜಿನ್ನಿನ ಎರಡರಷ್ಟು ಶಕ್ತಿ, ಗಾಡಿಯ ತೂಕವೂ ಎರಡರಷ್ಟು. ಭಾರವೆಲ್ಲ ಮುಂದೆ. ನೆಟ್ಟಗಿನ ದಾರಿಯಲ್ಲಿ ಗುಂಡಿನ ಹಾಗೆ ಹೋಗಿ, ತಿರುವು ಬಂದಾಗ ಮೂತಿ ಹೊರಗೆ ಹೊರಗೆ ಸರಿಯುತ್ತಿತ್ತು. ಆದರೂ ನಲವತ್ತೊಂಬತ್ತು ಸೆಕೆಂಡಿನ ಮೇಲೆ ಹತ್ತರಲ್ಲಿ ನಾಲ್ಕು ಭಾಗಕ್ಕೆ ಮುಗಿಸಿದ.

ಕರುಣಾ ಹೊರಟಳು. ಮೊದಲ ಎರಡು ತಿರುವು ಹೇಗೋ ದಾಟಿತು. ಮೂರನೆಯದು ದೊಡ್ಡ ಬಲತಿರುವು. ಅಲ್ಲಿ ಅವಳು ಎಕ್ಸಲರೇಟರಿನಿಂದ ಕಾಲು ತೆಗೆದದ್ದೇ ತಡ, ಕಾರಿನ ಹಿಂಭಾಗ ಹೊರಗೆ ಬೀಸಿತು. ಬುಗುರಿಯ ಹಾಗೆ ಗಾಡಿ ಎರಡು ಗಿರಕಿ ಹೊಡೆದು, ಟೈರುಗಳ ಸಾಲನ್ನು ಕೆಡವಿ, ಉಲ್ಟಾ ಮುಖ ಮಾಡಿ ನಿಂತಿತು. ಬಿಳಿ ಪುಡಿ ಎದ್ದು ಕ್ಷಣ ಹೊತ್ತು ಏನೂ ಕಾಣಲಿಲ್ಲ. ವಿಠೋಬಾ ದಂಡೆಯಿಂದ ಓಡಿಯೇ ಇಳಿದ. ಅರವತ್ತೆರಡರ ಮೊಣಕಾಲು ಎಂಬುದು ಅವನಿಗೆ ನೆನಪಾಗಲಿಲ್ಲ.

ಕರುಣಾಳಿಗೆ ಏನೂ ಆಗಿರಲಿಲ್ಲ. ಮುಖ ಮಾತ್ರ ಗಣಿಯ ಪುಡಿಗಿಂತ ಬಿಳಿಚಿತ್ತು. ಕಾರನ್ನು ಮೆಲ್ಲಗೆ ತಂದು ನಿಲ್ಲಿಸಿ, ಶಿರಸ್ತ್ರಾಣ ತೆಗೆದು ಸೀಟಿನ ಮೇಲಿಟ್ಟಳು.

"ನನ್ನ ಲೆಕ್ಕಾನೇ ತಪ್ಪದ," ಎಂದಳು ಜಹಾಂಗೀರನಿಗೆ. "ಸ್ಟೇರಿಂಗ್ ತಿರುಗಿಸಿದ್ರ ಮುಂದಿನ ಗಾಲಿಗಿ ಗೊತ್ತೇ ಆಗವಲ್ದು, ಖಾಲಿ ಖಾಲಿ ಅನಿಸ್ತು. ಕಾಲ್ ತೆಗೆದ ಕೂಡ್ಲೇ ಹಿಂದಿಂದು ಓಡೇ ಹೋತು. ಮೂರ್ ವರ್ಷ ತಪ್ಪೇ ಮಾಡ್ಕೋತ ಬಂದೀನಿ ಕಾಕಾ. ಇದು ಓಡಿಸೋ ಗಾಡಿ ಅಲ್ಲ. ನಾ ಎರಡನೇ ಸುತ್ತು ಓಡಸಲ್ಲ, ಹೋಗಿ ಹೇಳಿ ಬರ್ತೀನಿ."

ಅವಳು ತಸ್ಲೀಮ್ ಕುಳಿತಿದ್ದ ಟೇಬಲ್ಲಿನ ಕಡೆ ನಡೆದಳು. ವಿಠೋಬಾ ಅಲ್ಲೇ ಕಲ್ಲಾಗಿ ನಿಂತ. ಮುಂದಿನ ಗಾಲಿ ಖಾಲಿ ಅನಿಸುತ್ತದೆ, ಹಿಂದಿನದು ಓಡುತ್ತದೆ. ಇದು ಅವನಿಗೆ ಗೊತ್ತಿರುವ ಸಂಗತಿಯಲ್ಲವೇ! ಹೊಸ ಹಮಾಲರು ಕಲ್ಲನ್ನು ಹಿಂದಿನ ಗಾಲಿಯ ಮೇಲೆ ಹೇರುವ ಬದಲು ಅದನ್ನೂ ದಾಟಿಸಿ ಬಾಲಕ್ಕೆ ಹೇರಿದರೆ ಲಾರಿ ಮಾಡುವುದು ಇದನ್ನೇ. ಮೂತಿ ಎತ್ತಿಕೊಂಡು, ಬಾಲ ಬೀಸುತ್ತದೆ. ಅಂಥ ಹಮಾಲರಿಗೆ ಅವನು ಎಷ್ಟು ಸಲ ಬೈದಿಲ್ಲ! ಈ ಕಾರಿನಲ್ಲಿ ಭಾರ ಮೊದಲೇ ಹಿಂದಿತ್ತು. ಅದನ್ನು ಕಾಟಾದ ಮೇಲೆ ಕಣ್ಣಾರೆ ನೋಡಿಯೂ, ಅವನ ಕೈ ಹಳೆಯ ಲಾರಿಯ ಲೆಕ್ಕವನ್ನೇ ಹಿಡಿದು, ಜಾಗ ಇದ್ದಲ್ಲಿ, ಅಂದರೆ ತೀರ ತುದಿಯ ಬಾಲದಲ್ಲಿ, ಆರು ಪರಸಿ ಇಟ್ಟಿತ್ತು.

ಸದ್ದಿಲ್ಲದೆ ತೆಗೆದು ಒಗೆಯಬಹುದಿತ್ತು. ಆದರೆ ಅವಳು ತನ್ನ ಕೈಕೆಲಸದ ಮೇಲಿನ ನಂಬಿಕೆಯನ್ನೇ ಬಿಟ್ಟು ಹೊರಟಿದ್ದಳಲ್ಲ. ಕಾರಣ ಹೇಳದೆ ಅದನ್ನು ಅವಳಿಗೆ ಹಿಂದಿರುಗಿಸುವುದು ಹೇಗೆ? ಟೇಬಲ್ಲಿನ ಸುತ್ತ ಇದ್ದವರಾದರೂ ಯಾರು? ಅರ್ಧ ಜನ ಅವನ ಕೈಯಲ್ಲೇ ಸ್ಟೇರಿಂಗ್ ಹಿಡಿಯಲು ಕಲಿತ ಡ್ರೈವರುಗಳು. ವಿಠೋಬಾ ನಿಜಕ್ಕೂ ಅಂಜಿದ. ಆಮೇಲೆ ಪೆಟ್ಟಿಗೆಯ ರಬ್ಬರು ಬಿಚ್ಚಿ, ಮೇಲಿನ ಒಂದು ಪರಸಿಯನ್ನು ಎದೆಗೆ ಅವಚಿಕೊಂಡು, ಉಸ್ತಾದನ ನಡಿಗೆಯಲ್ಲೇ ಟೇಬಲ್ಲಿಗೆ ಬಂದು ಅದನ್ನು ದಪ್ಪನೆ ಇಟ್ಟ.

"ಮೇಡಮ್ಮಾರೆ, ಆಕಿ ಹೆಸರು ಹೊಡೀಬ್ಯಾಡ್ರಿ. ಗಾಡಿದು ತಪ್ಪಿಲ್ಲ. ತಪ್ಪು ನಂದು. ಇಂಥಾವು ಆರು ಪರಸಿ ನಾ ಮುಂಜಾನಿ ಹಿಂದ ಇಟ್ಟೀನಿ. ಆಕಿಗಿ ಗೊತ್ತಿಲ್ಲ."

ಕರುಣಾ ಕಲ್ಲನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ಯಾಕಪ್ಪಾ? ಇಂಜಿನ್ನೇ ನನ್ನ ಪರಸಿ ಅದ ಅಂತ ನಿನಗ ನೂರ್ ಸಲ ಹೇಳಿಲ್ಲೇನು? ಅದು ಕುಂದರಬೇಕಾದ ಜಾಗಾದಾಗೇ ಕುಂತದ!"

"ಹೇಳಿದ್ದಿ. ತಿಳಿದಿತ್ತು ಕೂಡ. ತಿಳಿವಳಿಕಿಂದ ಇಟ್ಟಿಲ್ಲವ್ವಾ, ಅಂಜಿಕಿಂದ ಇಟ್ಟೀನಿ." ವಿಠೋಬಾ ಬಾಯಿ ತೆರೆದದ್ದಾಗಿತ್ತು, ಇನ್ನು ಅರ್ಧಕ್ಕೆ ಮುಚ್ಚುವ ಜಾತಿಯವನಲ್ಲ. "ತೆಂಗಳಿ ಹತ್ರ ನಂದು ಗಾಡಿ ಬಿತ್ತಲ್ಲ, ಅವತ್ತು ಎಮ್ಮಿ ಅಡ್ಡ ಬಂದಿದ್ದಿಲ್ಲ. ಖಾಲಿ ಗಾಡಿ ಜೋರ್ ಹೊಡದು ನಾನೇ ಕೆಡವಿದೆ. ನೀ ನಿಮ್ಮವ್ವನ ಹೊಟ್ಟ್ಯಾಗಿದ್ದಿ. ಅವತ್ತಿಂದ ಖಾಲಿ ಗಾಡಿ ಕಂಡ್ರ ನನಗ ಭಾಳ ಅಂಜಿಕಿ. ಅದರಾಗ ನೀ ಕುಂತಿ ಅಂದ್ರ ಕೇಳ್ತಿಯೇನು?"

ಜಹಾಂಗೀರ ಎರಡೂ ಕೈ ಮೇಲೆತ್ತಿದ. "ಲೇ ವಿಠೋಬಾ! ಇಪ್ಪತ್ತೊಂಬತ್ತು ವರ್ಷ ಆ ಎಮ್ಮಿ ಮಾಲಕಗ ಹುಡುಕ್ಕೋತ ಬೈದೀನಲ್ಲೋ ನಾನು!"

ದಂಡೆಯ ಕೆಳಗೆ ನಗೆ ಎದ್ದಿತು. ದಂಡೆಯಿಂದ ಇಳಿದು ಬಂದು ಟೇಬಲ್ಲಿನ ಬಳಿ ಕುಳಿತಿದ್ದ ಹಣಮವ್ವ ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, "ಅಂತೂ ಬಾಯಿ ಬಿಟ್ಟಿ," ಎಂದಳು. ಕರುಣಾ ಮಾತ್ರ ನಗಲಿಲ್ಲ. ಅಪ್ಪನ ಅಂಗಿಯ ಮೇಲೆ ಮೆತ್ತಿದ್ದ ಕಲ್ಲಿನ ಪುಡಿಯನ್ನು ಕೈಯಿಂದ ಕೊಡವಿದಳು. ಸಿಟ್ಟು ಅವಳ ಮುಖದ ಮೇಲೆ ಇನ್ನೂ ಇತ್ತು. ಅದರ ಜೊತೆಗೇ, ಕಳೆದುಕೊಂಡದ್ದು ಸಿಕ್ಕಿದವರ ಬೆಳಕೂ ಬಂದಿತ್ತು. ಲೆಕ್ಕ ತಪ್ಪಿರಲಿಲ್ಲ.

ತಸ್ಲೀಮ್ ನಿಯಮದ ಹಾಳೆ ತಿರುವಿದಳು. "ಕಾಕಾ, ತಪಾಸಣಿ ಆದಮ್ಯಾಲ ಗಾಡಿಗಿ ಏನರೆ ಹಾಕಿದ್ರ ಹೊರಗ ಹಾಕಬೇಕಂತ ಅದ. ಆದ್ರ ನಾವ್ ಹಿಡಿಯೋಕಿಂತ ಮೊದಲ ನೀವೇ ಬಂದು ಹೇಳೀರಿ. ಆಕಿಗಿ ಏನೂ ಫಾಯ್ದಾ ಆಗಿಲ್ಲ, ಲುಕ್ಸಾನೇ ಆಗ್ಯಾದ. ಮೊದಲನೇ ಸುತ್ತು ರದ್ದು. ಎರಡನೇದಕ್ಕ ಮತ್ತೊಮ್ಮೆ ತೂಕ ಮಾಡಿ ಬಿಡ್ತೀನಿ. ಮಹೇಶಕುಮಾರ, ನಿಮ್ದೇನರೆ ತಕರಾರು?"

"ಏನಿಲ್ರಿ," ಎಂದ ಮಹೇಶಕುಮಾರ. "ಆಕಿ ಪರಸಿ ಹೊತ್ಕೊಂಡು ಓಡಿದ್ದಕ್ಕ ನಾ ಗೆದ್ದೆ ಅಂದ್ರ ಸೇಡಂದಾಗ ಯಾರ್ ನನಗ ಮರ್ಯಾದಿ ಕೊಡ್ತಾರ್ರಿ?"

ಉಳಿದ ಐದು ಪರಸಿಗಳನ್ನು ವಿಠೋಬಾನೇ ಒಂದೊಂದಾಗಿ ಇಳಿಸಿದ. ಮತ್ತೆ ತೂಕ ಮಾಡಿದರು. ಕರುಣಾ ಬೆಲ್ಟು ಬಿಗಿದುಕೊಳ್ಳುವಾಗ ಅವನು ಬಗ್ಗಿ, "ಬಲತಿರುವಿನ ಒಳಗಡಿ ಕಲ್ಲು ನುಣ್ಣಗದ, ಜಾರ್ತದ. ಒಂದ್ ಮಾರು ಹೊರಗ ಹಿಡಿ, ಅಲ್ಲಿ ಖಡಕ್ ಕಲ್ಲದ," ಎಂದ. ಕಲ್ಲಿನ ವಿಷಯದಲ್ಲಿ ಅವನ ಮಾತಿಗೆ ಎದುರಿಲ್ಲ. ಅವಳು ತಲೆಯಾಡಿಸಿದಳು.

ಈ ಸಲ ಮೊದಲ ತಿರುವಿನಲ್ಲೇ ವಿಠೋಬಾನಿಗೆ ವ್ಯತ್ಯಾಸ ಕಂಡಿತು. ಅವಳು ಬ್ರೇಕ್ ಒತ್ತಿದಳು, ಭಾರ ಮುಂದಿನ ಗಾಲಿಗಳ ಮೇಲೆ ಬಂದು ಕುಳಿತಿತು, ಮೂತಿ ಹೇಳಿದ ಕಡೆ ತಿರುಗಿತು. ಎಕ್ಸಲರೇಟರ್ ಒತ್ತಿದಳು, ಭಾರ ಹಿಂದಕ್ಕೆ ಸರಿದು ಹಿಂದಿನ ಗಾಲಿಗಳು ನೆಲ ಕಚ್ಚಿದವು. ಇಡೀ ಜೀವಮಾನ ಬೆನ್ನ ಹಿಂದೆ ಭಾರ ಅತ್ತಿತ್ತ ಸರಿಯುವುದನ್ನು ಕೂತಲ್ಲೇ ಅರಿತವನು ಅವನು. ಇಲ್ಲಿ ಅದೇ ಭಾರ, ಸ್ವಲ್ಪವೇ ಸ್ವಲ್ಪ, ಮಗಳ ಕಾಲಿನ ಮಾತು ಕೇಳಿಕೊಂಡು ಹಿಂದೆ ಮುಂದೆ ಓಡಾಡುತ್ತಿತ್ತು. ದೊಡ್ಡ ಬಲತಿರುವಿಗೆ ಬಂದಳು. ಒಂದು ಮಾರು ಹೊರಗೆ ಹಿಡಿದಳು. ಹಿಂಭಾಗ ತುಸು ಜಾರಿತು. ಅವಳು ಸ್ಟೇರಿಂಗನ್ನು ಎರಡು ಬೆರಳಷ್ಟು ಎದುರು ತಿರುಗಿಸಿದಳು, ಕಾರು ತಿದ್ದಿಕೊಂಡು ಮುಂದಿನ ತಿರುವಿಗೆ ಹಾರಿತು. ಗಾಡಿ ಖಾಲಿ ಇರಲಿಲ್ಲ, ಬೇಕಾದಷ್ಟೇ ಭಾರ ಅದರಲ್ಲಿತ್ತು. ಅಷ್ಟನ್ನು ತಿಳಿಯಲು ಅವನಿಗೆ ಈ ವಯಸ್ಸು ಬೇಕಾಯಿತು.

ನಲವತ್ತೆಂಟು ಸೆಕೆಂಡಿನ ಮೇಲೆ ಏಳು ಭಾಗ. ತನ್ನ ಎರಡನೆಯ ಸುತ್ತಿನಲ್ಲಿ ಮಹೇಶಕುಮಾರ ಶಕ್ತಿಯಿದ್ದಷ್ಟೂ ಹೊಡೆದ. ಮುಂದಿನ ಟೈರುಗಳು ಕಾದು, ಬಲತಿರುವಿನಲ್ಲಿ ಕಾರು ಇನ್ನಷ್ಟು ಹೊರಗೆ ಸರಿದು, ಅವನ ಸಮಯ ಮೊದಲಿನದಕ್ಕಿಂತ ಹೆಚ್ಚೇ ಆಯಿತು. ಇಳಿದು ಬಂದವನೇ ಕರುಣಾಳ ಕಾರಿನ ಸುತ್ತ ಎರಡು ಸಲ ತಿರುಗಿ ನೋಡಿದ. ಜಹಾಂಗೀರ ತನ್ನ ವೆಲ್ಡಿಂಗಿನ ಒಂದೊಂದೇ ಜೋಡಣೆಯನ್ನು ಅವನಿಗೆ ತೋರಿಸಲು ಶುರುಮಾಡಿದ. ಹಣಮವ್ವ ಬುತ್ತಿ ಬಿಚ್ಚಿ ಗೆದ್ದವರಿಗೂ ಸೋತವರಿಗೂ ಒಂದೇ ಅಳತೆಯಲ್ಲಿ ರೊಟ್ಟಿ ಹಂಚಿದಳು.

ತಸ್ಲೀಮ್ ಒಂದು ಅರ್ಜಿ ತಂದು ಕರುಣಾಳ ಮುಂದಿಟ್ಟಳು. ಮುಂದಿನ ವರ್ಷದ ಸೀಟಿನ ಕಾಗದ. ಹೆಸರು, ಹುಟ್ಟಿದ ತಾರೀಖು, ರಕ್ತದ ಗುಂಪು, ಎಲ್ಲ ತುಂಬಿದಳು. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು.

"ಅದು ಕಡ್ಡಾಯ ಅದ," ಎಂದಳು ತಸ್ಲೀಮ್. "ಗಾಡಿ ಓಡಿಸೂ ಮುಂದ ಏನರೆ ಹೆಚ್ಚುಕಮ್ಮಿ ಆದ್ರ ಮೊದಲ ಯಾರಿಗಿ ಫೋನ್ ಹಚ್ಚಬೇಕು ಅಂತ."

ಕರುಣಾ ಅಪ್ಪನ ಕಡೆ ಓರೆಗಣ್ಣಿನಿಂದ ನೋಡಿ, ಜಹಾಂಗೀರನ ಹೆಸರು ಬರೆಯಲು ಶುರುಮಾಡಿದಳು. ಎರಡು ಅಕ್ಷರ ಬರೆದಿರಬೇಕು, ವಿಠೋಬಾ ಕಾಗದದ ಮೇಲೆ ಅಂಗೈ ಇಟ್ಟ.

"ಅದು ಹೊಡದು ನಂದು ಬರೀ."

"ಅಪ್ಪಾ, ನಿನಗ ಯಾಕ ಸುಮ್ನೆ…"

"ಬರೀ ಅಂದೀನಿ. ಅಂಜ್ತೀನಿ, ಆದ್ರ ಫೋನ್ ಬಂದ್ರ ನಾನೇ ಎತ್ತವ. ಮೇಡಮ್ಮಾರೆ, ನೀವೂ ಬರಕೋರಿ."

ಅವನು ನೆಟ್ಟಗೆ ನಿಂತು, ಊರಿಗೆಲ್ಲ ಕೇಳುವಂತೆ ತನ್ನ ಮೊಬೈಲಿನ ಹತ್ತು ಅಂಕಿಗಳನ್ನು ಒಂದೊಂದಾಗಿ ಹೇಳತೊಡಗಿದ. ಎಂಟನೆಯ ಅಂಕಿಗೆ ಬರುವಾಗ ದನಿ ಸ್ವಲ್ಪ ನಡುಗಿತು. ಉಳಿದೆರಡನ್ನು ಗಟ್ಟಿಯಾಗಿಯೇ ಹೇಳಿದ.